ಜಪಾನಿಗೆ ಹೊರಡುವ ಗೃಹಸ್ಥರಿಗೆ

ಪರದೇಶಯಾತ್ರೆಯ ಮಾತು ಮನೆಯಲ್ಲಿ ಎದ್ದೊಡನೆ ನಮ್ಮ ಗೃಹಸ್ಥರು ಮೊದಲು ಕೈಹಾಕುವುದು ಪೆಟ್ಟಿಗೆಗೆ. ಉಪ್ಪಿನಕಾಯಿ ಎಷ್ಟು, ಚಟ್ಣಿಪುಡಿ ಎಷ್ಟು, ಉಣ್ಣೆಯ ಬಟ್ಟೆ ಎಷ್ಟು ಎಂಬ ವಿಚಾರವು ವಾರಗಟ್ಟಲೆ ನಡೆಯುವುದು. ಇದು ತಪ್ಪೆಂದು ನಾವು ಹೇಳೆವು. ಆದರೆ ಆಚಾರವೇ ಬೇರೆಯಾಗಿರುವ ದೇಶಕ್ಕೆ ಮೊದಲ ಸಲ ಹೋಗತಕ್ಕವರು ಪೆಟ್ಟಿಗೆ ತುಂಬುವುದಕ್ಕೆ ಮುಂಚೆ ನಿಶ್ಚಯಿಸಿಕೊಳ್ಳಬೇಕಾದ ಸಂಗತಿಗಳು ಎರಡುಂಟು: ನಮ್ಮ ಆಚಾರದಲ್ಲಿ ಯಾವುದನ್ನು ಬಿಡಲಾರೆವು, ಯಾವುದನ್ನು ಕೆಲವು ದಿನ ಸಡಿಲಿಸಬಹುದು. ಮೊದಲನೆಯದನ್ನು ಆತಿಥೇಯರಿಗೆ ಮುಂಚಿತವಾಗಿ ತಿಳಿಸಬೇಕು. ಎರಡನೆಯದರಲ್ಲಿ ಅವರ ಪದ್ಧತಿಯನ್ನು ಹರ್ಷದಿಂದ ಅನುಸರಿಸಬೇಕು.

ಜಪಾನ್ ದೇಶವನ್ನೇ ತೆಗೆದುಕೊಳ್ಳೋಣ. ನಮ್ಮ ನಾಡಿನ ತರುಣರು ಅನೇಕರು ಅಲ್ಲಿ ಉದ್ಯೋಗದಲ್ಲಿದ್ದು, ತಂದೆತಾಯಿಗಳನ್ನು ಕರೆಸಿಕೊಳ್ಳುತ್ತಾರೆ. ಹಾಗೆ ಹೋದ ವೃದ್ಧರಲ್ಲಿ ಕೆಲವರು ಹದಿನೈದು ದಿನವೂ ಮಗನ ಮನೆಯೊಳಗೇ ಅವಲಕ್ಕಿ ಮೊಸರು ಉಂಡು ಹಿಂದಿರುಗಿದುದನ್ನು ನಾವು ಬಲ್ಲೆವು. ಹೊರಗೆ ಉಣ್ಣಲು ಭಯ. ನಾಲ್ಕು ಜನರಲ್ಲಿ ಬೆರೆಯಲು ಸಂಕೋಚ. ಅಷ್ಟು ದೂರ ಹೋಗಿ, ಮಗನು ಬಾಳುತ್ತಿರುವ ಊರನ್ನೇ ಕಾಣದೆ ಬರುವುದು ಹಿರಿಯರಿಗೂ ಮಗನಿಗೂ ದುಃಖಕರವಾದುದು.

ಆಹಾರದ ತೊಡಕು ದೊಡ್ಡದು, ಅದಕ್ಕೊಂದು ಪೂರ್ವಕಥೆಯುಂಟು. ಕ್ರಿ. ಶ. 675ರಲ್ಲಿ ಟೆಮ್ಮು ಚಕ್ರವರ್ತಿಯು ವರ್ಷದ ಕೆಲವು ತಿಂಗಳುಗಳಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿ ಇವುಗಳ ಮಾಂಸವನ್ನು ನಿಷೇಧಿಸಿದನು. ಮೀನು ಆ ನಿಷೇಧಕ್ಕೆ ಒಳಪಡಲಿಲ್ಲ; ಅದು ಜನರ ನಿತ್ಯಾಹಾರವಾಗಿಯೇ ಉಳಿಯಿತು. ಆದುದರಿಂದ ಇಂದಿಗೂ ಅಲ್ಲಿ “ನಮಗೆ ಮಾಂಸ ಬೇಡ” ಎಂದಷ್ಟೇ ಹೇಳಿದರೆ ಮೀನಿನ ಸಾರು ಎಲೆಗೆ ಬಂದೀತು. ಬಡಿಸಿದವರಲ್ಲಿ ವಂಚನೆಯಿಲ್ಲ, ಅವರ ಎಣಿಕೆಯಲ್ಲಿ ಅದು ಮಾಂಸವಲ್ಲ. ಒಣಮೀನಿನ ಹೆರೆತದಿಂದ ತೆಗೆದ ‘ದಾಶಿ’ ಎಂಬ ತಿಳಿಯು ಅಲ್ಲಿಯ ಸಾರು ಪಲ್ಯಗಳಿಗೆಲ್ಲ ತಳಹದಿಯಾಗಿರುವುದು. ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ ಇವುಗಳಲ್ಲಿ ತಮಗೆ ಯಾವುದು ವರ್ಜ್ಯವೋ ಅದನ್ನು ಹೆಸರೆತ್ತಿ ಜಪಾನೀ ಭಾಷೆಯಲ್ಲಿ ಬರೆಯಿಸಿದ ಚೀಟಿಯೊಂದು ಜೇಬಿನಲ್ಲಿರಲಿ. ವಸತಿಗೃಹದಲ್ಲಿ ಊಟ ಗೊತ್ತುಮಾಡುವುದಾದರೆ ದಿನಗಳ ಮುಂಚೆಯೇ ತಿಳಿಸತಕ್ಕದ್ದು. ಅಡುಗೆಯಾದ ಮೇಲೆ ಬೇಡವೆನ್ನುವುದು ಬಡಿಸುವವರಿಗೆ ನೋವು. ಮೊದಲೇ ತಿಳಿಸುವುದು ಮರ್ಯಾದೆ.

ಶುದ್ಧ ಶಾಕಾಹಾರವೂ ಅಲ್ಲಿ ಇಲ್ಲದಿಲ್ಲ. ಬೌದ್ಧಮಠಗಳ ಪಾಕಕ್ಕೆ ‘ಶೋಜಿನ್ ರ್ಯೋರಿ’ ಎಂದು ಹೆಸರು. ಶೋಜಿನ್ ಎಂಬುದು ಸಂಸ್ಕೃತದ ‘ವೀರ್ಯ’ ಶಬ್ದದ ಭಾಷಾಂತರ. ಧರ್ಮಸಾಧನೆಯಲ್ಲಿನ ಉತ್ಸಾಹವೆಂದು ಅರ್ಥ. ಮೀನು ಮಾಂಸಗಳಿರಲಿ, ಈರುಳ್ಳಿ ಬೆಳ್ಳುಳ್ಳಿಗಳೂ ಅದಕ್ಕೆ ಸಲ್ಲವು. ಕೂಕಾಯಿ ಎಂಬ ಆಚಾರ್ಯನು 816ರಲ್ಲಿ ಅರಸನಿಂದ ಪಡೆದ ಕೋಯಾ ಪರ್ವತದಲ್ಲಿ ಇಂದಿಗೂ ಮಠಗಳಲ್ಲಿ ಯಾತ್ರಿಕರಿಗೆ ವಸತಿಯೂ ಈ ಬಗೆಯ ಊಟವೂ ದೊರೆಯುವುವು. ಅಲ್ಲಿ ‘ಗೋಮ’ ಎಂದು ಕರೆಯುವ ಅಗ್ನಿಕಾರ್ಯವು ನಮ್ಮ ಹೋಮವೇ. ನಾರಾ ಪಟ್ಟಣದ ತೋದಾಯಿಜಿ ದೇವಾಲಯದಲ್ಲಿ 752ರಲ್ಲಿ ಮಹಾಬುದ್ಧನ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡಿದವನು ಭಾರತದಿಂದ ಹೋದ ಬೋಧಿಸೇನನೆಂಬ ಭಿಕ್ಷು. ಹೀಗೆ ನೋಡಬಲ್ಲವರಿಗೆ ಆ ದೇಶವು ಸಂಪೂರ್ಣ ಅಪರಿಚಿತವಲ್ಲ.

ಇನ್ನು ನಾವು ಅನುಸರಿಸಬೇಕಾದುವು. ಮನೆಯ ಹೊಸ್ತಿಲಲ್ಲಿ ಪಾದರಕ್ಷೆ ಬಿಡುವುದು ನಮಗೆ ಹೊಸದಲ್ಲ. ಸ್ನಾನದ ತೊಟ್ಟಿಗೆ ಇಳಿಯುವ ಮುನ್ನ ಹೊರಗೇ ಮೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು; ತೊಟ್ಟಿಯ ನೀರು ಎಲ್ಲರಿಗೂ ಸೇರಿದ್ದು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಕಡ್ಡಿಯಿಂದ ಕಡ್ಡಿಗೆ ತಿನಿಸನ್ನು ದಾಟಿಸಬಾರದು. ಮೊದಲನೆಯದು ಮೃತರಿಗೆ ಅನ್ನವಿಡುವ ಕ್ರಮ, ಎರಡನೆಯದು ದಹನಾನಂತರ ಅಸ್ಥಿಯನ್ನು ಎತ್ತುವ ಕ್ರಮ. ಅಪರಕ್ರಿಯೆಗೆ ಸೇರಿದುದನ್ನು ಶುಭದ ಪಂಕ್ತಿಯಲ್ಲಿ ಸಹಿಸದ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ರೈಲಿನಲ್ಲಿ ದೂರವಾಣಿಯ ಸಂಭಾಷಣೆ ಸಲ್ಲದು. ಬಡಿಸಿದವರಿಗೆ ಇನಾಮು ಕೊಡುವ ವಾಡಿಕೆಯಿಲ್ಲ.

ಔಷಧದ ವಿಷಯದಲ್ಲಿ ವಯಸ್ಸಾದವರು ವಿಶೇಷ ಎಚ್ಚರ ವಹಿಸಬೇಕು. ವೈದ್ಯರು ಬರೆದುಕೊಟ್ಟ ಔಷಧವು ಒಂದು ತಿಂಗಳ ಮಟ್ಟಿಗೆ ಮೀರಿದರೆ ಮೊದಲೇ ಅನುಮತಿ ಪಡೆಯತಕ್ಕದ್ದು. ನೆಗಡಿಯ ಕೆಲವು ಮಾತ್ರೆಗಳಲ್ಲಿರುವ ಸೂಡೊಎಫೆಡ್ರಿನ್ ಶೇಕಡಾ 10ನ್ನು ಮೀರಿದರೆ ಅವುಗಳಿಗೆ ಪ್ರವೇಶವೇ ಇಲ್ಲ. ಹಸಿಯ ಹಣ್ಣು, ಕರಿಬೇವುಗಳನ್ನು ಪೆಟ್ಟಿಗೆಯಲ್ಲಿಡದಿರುವುದು ಲೇಸು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಹೊತ್ತು ಹೊತ್ತಿಗೆ ಔಷಧ ಸೇವಿಸುವವರು ಇದನ್ನು ವೈದ್ಯರಲ್ಲಿ ವಿಚಾರಿಸಿಕೊಳ್ಳಲಿ.

ಹೊರಡುವುದಕ್ಕೆ ತಿಂಗಳ ಮುಂಚೆ ದಂಪತಿಗಳು ಕುಳಿತು, ಬಿಡಲಾರದ್ದು ಇಷ್ಟು, ಸಡಿಲಿಸಬಹುದಾದ್ದು ಇಷ್ಟು ಎಂದು ಕಾಗದದಲ್ಲಿ ಬರೆದು ಮಗನಿಗೆ ಕಳುಹಿಸಲಿ. ಬರೆಯುವಾಗ ಮನೆಯಾಕೆಯನ್ನು ಮೊದಲು ಕೇಳತಕ್ಕದ್ದು. ಯಜಮಾನನ ನಿಯಮವು ಎಷ್ಟು ಬಿಗಿಯಾದರೆ, ಪರಸ್ಥಳದ ಒಲೆಯ ಮುಂದೆ ಆಕೆ ನಿಲ್ಲಬೇಕಾದ ಹೊತ್ತು ಅಷ್ಟು ಹೆಚ್ಚು. ಆಕೆಯೂ ನಾರಾದ ಮಹಾಬುದ್ಧನನ್ನು ಕಂಡು ಬರುವಂತಾದರೆ ಆ ಯಾತ್ರೆಯು ಇಬ್ಬರದೂ ಆಗುವುದು.