ನೋವು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ

ಹೈದರಾಬಾದಿನ ಹೊರವಲಯ ದಾಟಿದರೆ ಸಿಗುವ ಬೊಂತಪಲ್ಲಿ, ಭಕ್ತರಿಗೆ ವೀರಭದ್ರ ದೇವರ ಊರು. ಔಷಧ ಉದ್ಯಮದವರಿಗೆ ಅದು ಪ್ಯಾರಸಿಟಮಾಲ್ ಊರು. ಗ್ರ್ಯಾನ್ಯೂಲ್ಸ್ ಇಂಡಿಯಾ ಕಂಪನಿಯ ಅಲ್ಲಿನ ಕಾರ್ಖಾನೆ ಜಗತ್ತಿನ ದೊಡ್ಡ ಪ್ಯಾರಸಿಟಮಾಲ್ ಘಟಕಗಳ ಸಾಲಿಗೆ ಸೇರಿದ್ದು. ಕಾರ್ಖಾನೆಯಿಂದ ಹೊರಡುವಾಗ ಈ ಬಿಳಿ ಪುಡಿಗೆ ಇರುವುದು ಒಂದೇ ಹೆಸರು. ಮೆಡಿಕಲ್ ಶಾಪಿನ ಕಪಾಟು ಸೇರುವಷ್ಟರಲ್ಲಿ ಅದಕ್ಕೆ ಡೋಲೊ, ಕ್ರೋಸಿನ್, ಕ್ಯಾಲ್ಪಾಲ್ ಎಂದು ಲೆಕ್ಕವಿಲ್ಲದಷ್ಟು ಹೆಸರು. ಇನ್ನು ನೆಗಡಿ ಮಾತ್ರೆ, ತಲೆನೋವಿನ ಮಾತ್ರೆ, ಮಂಡಿನೋವಿನ ಮಾತ್ರೆಗಳ ಒಳಗೆ ಅದು ಹೆಸರೇ ಹೇಳದೆ ಕೂತಿರುತ್ತದೆ. ನಾವು ಹೆಸರು ನೋಡಿ ಕೊಳ್ಳುತ್ತೇವೆ. ಲಿವರ್‌ಗೆ ಬ್ರ್ಯಾಂಡ್ ಗೊತ್ತಿಲ್ಲ, ಮಿಲಿಗ್ರಾಂ ಮಾತ್ರ ಗೊತ್ತು.

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ದೊಡ್ಡಾಸ್ಪತ್ರೆಗೆಂದು ಹೈದರಾಬಾದಿಗೆ ಬರುವವರ ಕೈಚೀಲದಲ್ಲಿ ರಿಪೋರ್ಟುಗಳ ಜೊತೆ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಊರಿನ ಡಾಕ್ಟರು ಬರೆದದ್ದು, ಹಳ್ಳಿಯ ಆರ್‌ಎಂಪಿ ವೈದ್ಯ ಕೊಟ್ಟದ್ದು, ದಾರಿಯಲ್ಲಿ "ಅಣ್ಣಾ, ಮೊಣಕಾಲು ಬ್ಯಾನಿಗಿ ಎರಡು ಗುಳಿಗಿ ಕೊಡ್ರಿ" ಎಂದು ಕೇಳಿ ಕೊಂಡದ್ದು, ಎಲ್ಲವೂ ಅದರಲ್ಲಿ. ಆ ಎರಡು ಗುಳಿಗೆಯನ್ನು ಅಂಗಡಿಯವನು ಹತ್ತರ ಸ್ಟ್ರಿಪ್ಪಿನಿಂದ ಕತ್ತರಿಸಿ ಕೊಟ್ಟಿರುತ್ತಾನೆ. ಎಕ್ಸ್‌ಪೈರಿ ತಾರೀಖು ಉಳಿದ ತುಂಡಿನ ಜೊತೆ ಅಂಗಡಿಯಲ್ಲೇ ಉಳಿಯಿತು. ಒಳಗಿರುವ ಔಷಧದ ಹೆಸರು ಅರ್ಧಕ್ಕೆ ತುಂಡಾಗಿ "...ಫೆನಾಕ್ ಮತ್ತು ಪ್ಯಾರ..." ಎಂದಷ್ಟೇ ಕಾಣುತ್ತದೆ, ಅದೂ ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ. ನನ್ನನ್ನು ಕೇಳಿದರೆ, ನಾಲ್ಕು ಕಾಸು ಹೆಚ್ಚಾದರೂ ಇಡೀ ಸ್ಟ್ರಿಪ್ ಕೊಳ್ಳುವುದೇ ಮೇಲು.

ಕವರಿನೊಳಗಿನ ಲೆಕ್ಕ ಹೀಗೆ ಏರುತ್ತದೆ. ಮಂಡಿನೋವಿಗೆ ಅಸಿಕ್ಲೊಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದೊಂದರಲ್ಲಿ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದ್ದರೆ 650 ಆಯಿತು. ಅಷ್ಟರಲ್ಲಿ ಜ್ವರ ಬಂತು, 650ರ ಮಾತ್ರೆ ದಿನಕ್ಕೆ ನಾಲ್ಕು: 2600. ಜೊತೆಗೆ ಮೂಗು ಸೋರುತ್ತಿದೆ ಎಂದು ನೆಗಡಿ ಮಾತ್ರೆ ಮೂರು ಹೊತ್ತು. ಅಂಥ ಹಲವು ಮಾತ್ರೆಗಳಲ್ಲಿ 500 ಮಿಲಿಗ್ರಾಂ ಇರುತ್ತದೆ, ಅಂದರೆ 1500. ಕೂಡಿದರೆ 4750. ಆರೋಗ್ಯವಂತ ವಯಸ್ಕರಿಗೆ ದಿನದ ಮೇಲ್ಮಿತಿ 4000. ತೂಕ ಕಡಿಮೆ ಇರುವವರಿಗೆ, ದಿನಾ ಕುಡಿಯುವವರಿಗೆ, ಉಪವಾಸ ಬಿದ್ದವರಿಗೆ, ಲಿವರ್ ತೊಂದರೆ ಇರುವವರಿಗೆ ವೈದ್ಯರು ಅದಕ್ಕಿಂತ ಎಷ್ಟೋ ಕೆಳಗೇ ನಿಲ್ಲಿಸುತ್ತಾರೆ. ಕವರ್ ಹಿಡಿದು ಬಂದವನು ಯಾವುದನ್ನೂ ಹೆಚ್ಚಾಗಿ ನುಂಗಿಲ್ಲ. ಮೂರನ್ನೂ ಹೇಳಿದಷ್ಟೇ ನುಂಗಿದ್ದಾನೆ.

ಪ್ಯಾರಸಿಟಮಾಲ್ ಬಹುಪಾಲು ನಿರುಪದ್ರವಿಯಾಗಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಒಂದು ಸಣ್ಣ ಪಾಲನ್ನು ಮಾತ್ರ ಲಿವರ್ ವಿಷಕಾರಿ ವಸ್ತುವಾಗಿ ಮಾರ್ಪಡಿಸುತ್ತದೆ. ಅದನ್ನು ಅಲ್ಲಲ್ಲೇ ಹಿಡಿದು ತಣ್ಣಗಾಗಿಸಲು ಗ್ಲುಟಾಥಯೋನ್ ಎಂಬ ದಾಸ್ತಾನು ಲಿವರ್‌ನಲ್ಲಿ ಇರುತ್ತದೆ. ಪ್ರಮಾಣ ಮಿತಿ ಮೀರಿತೋ, ದಾಸ್ತಾನು ಬರಿದಾಗುತ್ತದೆ, ವಿಷ ಜೀವಕೋಶಗಳಿಗೇ ಅಂಟಿಕೊಳ್ಳುತ್ತದೆ. ಮೋಸವಿರುವುದು ಮೊದಲ ದಿನದಲ್ಲಿ. ಒಂದಿಷ್ಟು ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಎರಡು ಮೂರು ದಿನದ ಮೇಲೆ ಕಣ್ಣು ಹಳದಿಯಾಗುವ ಹೊತ್ತಿಗೆ ಕೆಡಬೇಕಾದದ್ದು ಕೆಟ್ಟಿರುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಒಳ್ಳೆಯ ಪ್ರತಿಮದ್ದು ಇದೆ, ಆದರೆ ಅದು ಪೂರ್ತಿ ಕೆಲಸ ಮಾಡುವುದು ಮೊದಲ ಎಂಟು ಗಂಟೆಯೊಳಗೆ ಕೊಟ್ಟಾಗ. ಮಿತಿ ಮೀರಿದ್ದು ಗೊತ್ತಾದ ಕೂಡಲೇ, ಎಷ್ಟೇ ಹುಷಾರಾಗಿ ಕಂಡರೂ, ಆಸ್ಪತ್ರೆಗೆ ಹೊರಡಬೇಕು.

ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವೆಲ್ಲ ಬೇರೊಂದು ಕುಟುಂಬ. ಇವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗದಂತೆ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿದವರು ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು. ನೋವು, ಊತ ತರುವುದು ಈ ರಾಸಾಯನಿಕವೇ. ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳವನ್ನು ತೆರೆದಿಡುವುದೂ ಅದೇ. ಮಂಡಿಯಲ್ಲಿ ಮಾತ್ರ ತಡೆ, ಹೊಟ್ಟೆಯಲ್ಲಿ ಬೇಡ ಎಂದು ಗುಳಿಗೆಗೆ ಹೇಳಿ ಕಳಿಸಲಾಗುವುದಿಲ್ಲ.

ಹೊಟ್ಟೆ ಉರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ಜೊತೆಗೊಂದು ಗ್ಯಾಸಿನ ಗುಳಿಗೆ. ಅಲ್ಲಿಗೆ ಎಲ್ಲ ಸುರಕ್ಷಿತ ಎಂಬ ಭಾವನೆ. ಆದರೆ ಗ್ಯಾಸಿನ ಗುಳಿಗೆ ಕಾಯುವುದು ಹೊಟ್ಟೆಯನ್ನು, ಮೂತ್ರಪಿಂಡವನ್ನಲ್ಲ. ಒಂದು ಅಂಗದ ಮೇಲೆ ಕಣ್ಣಿಟ್ಟು ಇನ್ನೊಂದನ್ನು ಮರೆಯುವ ಈ ತಪ್ಪಿಗೆ ಹೈದರಾಬಾದಿನಲ್ಲೇ ಹಳೆಯ ಉದಾಹರಣೆಯಿದೆ. 1888 ಮತ್ತು 1889ರಲ್ಲಿ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಇಲ್ಲಿ ಅರಿವಳಿಕೆ ಔಷಧವಾದ ಕ್ಲೋರೊಫಾರ್ಮ್ ಕುರಿತ ಆಯೋಗಗಳನ್ನು ನಡೆಸಿದರು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು, ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಖರ್ಚು ಕೊಟ್ಟರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಬಂದ ತೀರ್ಮಾನ: ಸಾವು ಬರುವುದು ಉಸಿರು ನಿಂತು, ಹಾಗಾಗಿ ಉಸಿರನ್ನು ಗಮನಿಸುತ್ತಿದ್ದರೆ ಸಾಕು. ಆದರೆ ಕ್ಲೋರೊಫಾರ್ಮ್ ಹೃದಯದ ಬಡಿತವನ್ನೇ ಹಠಾತ್ತನೆ ಕೆಡಿಸಬಲ್ಲದು ಎಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು.

ಮೂತ್ರಪಿಂಡದ ಮಾತಿಗೆ ಮರಳೋಣ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡ ರಕ್ತದ ಹರಿವು ಉಳಿಸಿಕೊಳ್ಳಲು ನೆಚ್ಚುವುದೇ ಪ್ರೊಸ್ಟಗ್ಲಾಂಡಿನ್ನನ್ನು. ಆಗ ಡೈಕ್ಲೊಫೆನಾಕ್ ನುಂಗಿದರೆ ಒಳಬರುವ ನಾಳ ಬಿಗಿಯುತ್ತದೆ. ನುಂಗಿದವರು ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದರೆ ಹೊರಹೋಗುವ ನಾಳ ಸಡಿಲವಾಗಿರುತ್ತದೆ. ಅದೇ ಬಿಪಿ ಮಾತ್ರೆಯಲ್ಲಿ ನೀರು ಇಳಿಸುವ ಔಷಧವೂ ಸೇರಿದ್ದರೆ ರಕ್ತದ ಪ್ರಮಾಣವೂ ತಗ್ಗಿರುತ್ತದೆ. ಮೂರೂ ಸೇರಿ ಸೋಸುವ ಒತ್ತಡವೇ ಕುಸಿಯುತ್ತದೆ. ಒಂದಿಷ್ಟೂ ನೋವಿಲ್ಲ, ಮೂತ್ರ ಕಡಿಮೆಯಾಯಿತು, ಕಾಲು ಊದಿತು, ಅಷ್ಟೇ. ವಾಂತಿ ಭೇದಿ ಆದಾಗಲೂ ಇದೇ ಕಥೆ. ಡೈಕ್ಲೊಫೆನಾಕ್‌ನ ಈ ಗುಣವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟದ್ದು ರಣಹದ್ದುಗಳು. ಡೈಕ್ಲೊಫೆನಾಕ್ ಚುಚ್ಚಿಸಿಕೊಂಡು ಸತ್ತ ದನಗಳನ್ನು ತಿಂದು, ಮೂತ್ರಪಿಂಡ ಕೆಟ್ಟು, ಅವು ಉಪಖಂಡದಿಂದ ಹೆಚ್ಚುಕಡಿಮೆ ಅಳಿದೇ ಹೋದವು. ಜಾನುವಾರುಗಳಿಗೆಂದು ಅದನ್ನು ತಯಾರಿಸುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ನಮ್ಮ ಮೂತ್ರಪಿಂಡ ಅಷ್ಟು ನಾಜೂಕಲ್ಲ, ನಿಜ.

ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ ಎಂದ ಮಾತ್ರಕ್ಕೆ ಕಾನೂನು ಹಾಗೆ ಹೇಳಿದೆ ಎಂದಲ್ಲ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಎರಡೂ ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ, ಚೀಟಿಯಿಲ್ಲದೆ ಮಾರುವಂತಿಲ್ಲ. ಸ್ಟ್ರಿಪ್ಪಿನ ಎಡಬದಿಯ ಕೆಂಪು ಗೆರೆ ಅದಕ್ಕೇ ಇರುವುದು.

ಮಳೆಗಾಲದಲ್ಲಿ ಜ್ವರ ಬಂದರೆ, ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಪ್ಯಾರಸಿಟಮಾಲ್ ಒಂದೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ. ಮಕ್ಕಳಿಗೆ ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬಾರದು. ನಿಮೆಸುಲೈಡ್ ಎಂಬ ಇನ್ನೊಂದು ನೋವಿನ ಔಷಧವನ್ನು 12 ವರ್ಷದೊಳಗಿನವರಿಗೆ ಕೊಡುವುದು 2011ರಿಂದ ನಿಷಿದ್ಧ. ಗರ್ಭಿಣಿಯರು, ಅದರಲ್ಲೂ ಐದನೇ ತಿಂಗಳಿನ ನಂತರ, ಡೈಕ್ಲೊಫೆನಾಕ್ ಕುಟುಂಬದ ಗುಳಿಗೆಯನ್ನು ತಾವಾಗಿ ನುಂಗುವಂತಿಲ್ಲ. ಹೃದಯಕ್ಕೆಂದು ದಿನಾ ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುವವರು ಐಬುಪ್ರೊಫೆನ್ ನುಂಗಿದರೆ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡಿ.

ಮಕ್ಕಳ ಬಾಟಲಿಯ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಪ್ಯಾರಸಿಟಮಾಲ್ ಸಿರಪ್ಪಿನ 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವುದುಂಟು, 250 ಇರುವುದೂ ಉಂಟು. ಕೂಸುಗಳ ಡ್ರಾಪ್ಸ್‌ನಲ್ಲಾದರೆ ಒಂದೇ ಎಂಎಲ್‌ಗೆ 100. ನಿದ್ದೆಗಣ್ಣಿನಲ್ಲಿ ಡ್ರಾಪ್ಸ್ ಬಾಟಲಿಯನ್ನು ಸಿರಪ್ ಎಂದುಕೊಂಡು ಒಂದು ಚಮಚ ಕುಡಿಸಿದರೆ 120ರ ಬದಲು 500 ಹೋಯಿತು. ಮಗುವಿಗೆ ಪ್ರಮಾಣ ಗೊತ್ತುಮಾಡುವುದು ವಯಸ್ಸಲ್ಲ, ತೂಕ: ಕಿಲೋಗೆ 10ರಿಂದ 15 ಮಿಲಿಗ್ರಾಂ, ನಡುವೆ ಕನಿಷ್ಠ ನಾಲ್ಕು ಗಂಟೆ. ಅಳತೆಗೆ ಬಾಟಲಿ ಜೊತೆ ಬಂದ ಮುಚ್ಚಳವೋ ಡ್ರಾಪರೋ ಇರಲಿ, ಅಡುಗೆಮನೆಯ ಚಮಚ ಬೇಡ.

ತಲೆನೋವಿಗೆ ವಾರದಲ್ಲಿ ಮೂರ್ನಾಲ್ಕು ದಿನ ಗುಳಿಗೆ ನುಂಗುವವರದು ಇನ್ನೊಂದು ಪಾಡು. ತಿಂಗಳಿಗೆ 15 ದಿನ ಮಾಮೂಲಿ ನೋವಿನ ಗುಳಿಗೆ, ಕೆಫೀನ್ ಬೆರೆತದ್ದಾದರೆ 10 ದಿನ, ಹೀಗೆ ತಿಂಗಳುಗಟ್ಟಲೆ ನಡೆದರೆ ಗುಳಿಗೆಯೇ ತಲೆನೋವು ತರಲು ಶುರುಮಾಡುತ್ತದೆ. ಮತ್ತೂ ನುಂಗಿದಷ್ಟೂ ಅದು ಬಿಡುವುದಿಲ್ಲ.

ವಯಸ್ಸಾದವರ ಮಂಡಿಗೆ ಡೈಕ್ಲೊಫೆನಾಕ್ ಜೆಲ್ ಹಚ್ಚಿ ನೋಡುವುದು ಒಳ್ಳೆಯ ಆರಂಭ. ರಕ್ತಕ್ಕೆ ಸೇರುವುದು ತೀರ ಅಲ್ಪ. ಮೂರು ದಿನಕ್ಕೂ ಇಳಿಯದ ಜ್ವರ, ಹತ್ತು ದಿನಕ್ಕೂ ಹೋಗದ ನೋವು ಅಂಗಡಿಯ ಕೆಲಸವಲ್ಲ, ವೈದ್ಯರದು. ಕಪ್ಪು ಮಲ, ಮೈಮೇಲೆ ಗಂಧೆ, ಮುಖದ ಊತ ಕಂಡರೆ ಅದೇ ಗಳಿಗೆಯಲ್ಲಿ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ನುಂಗಿದ್ದ ಎಲ್ಲ ಗುಳಿಗೆಗಳ ಕವರ್ ಸಮೇತ. ಔಷಧದ ಅಡ್ಡಪರಿಣಾಮವನ್ನು ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ಭಾರತೀಯ ಫಾರ್ಮಕೋಪಿಯ ಆಯೋಗಕ್ಕೆ ತಿಳಿಸಬಹುದು. 2023ರ ನವೆಂಬರಿನಲ್ಲಿ ಮುಟ್ಟಿನ ನೋವಿಗೆ ಹೆಣ್ಣುಮಕ್ಕಳು ನುಂಗುವ ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಬರಬಹುದೆಂದು ಆಯೋಗ ಎಚ್ಚರಿಸಿದ್ದು ಹೀಗೆ ಬಂದು ಸೇರಿದ ವರದಿಗಳನ್ನು ಪರಿಶೀಲಿಸಿಯೇ.