ಪರೀಕ್ಷೆಗೆ ಕಾಯದ ಬೆಳೆ

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಸ್ವಲ್ಪ ಕಾಲ ವ್ಯಾಪಾರಿಗಳಾಗುತ್ತಾರೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2015ರಲ್ಲಿ ಜಾರಿಗೆ ತಂದ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮದಲ್ಲಿ ಅನುಭವ ಕಲಿಕೆಯೂ ಸೇರಿದೆ. ತಂಡ ಕಟ್ಟಿಕೊಂಡು ಒಂದು ಕಸುಬು ಹಿಡಿಯಬೇಕು, ತಾವೇ ಮಾರಬೇಕು, ಲೆಕ್ಕ ಒಪ್ಪಿಸಬೇಕು. ಇಂಥ ತಂಡಗಳು ಮತ್ತೆ ಮತ್ತೆ ಅಣಬೆಯತ್ತ ಹೋಗುವುದಕ್ಕೆ ಕಾರಣವಿದೆ. ಜಮೀನು ಬೇಡ, ಒಂದು ಕೋಣೆ ಸಾಕು. ತಪ್ಪು ಮಾಡಿದರೆ ವಾರದೊಳಗೆ ಕಣ್ಣಿಗೆ ಬೀಳುತ್ತದೆ.

ಅಂಗಡಿಯ ಬಿಳಿ ಬಟನ್ ಅಣಬೆಯ ಆಸೆ ಮೊದಲಿಗೆ ಬಿಡುವುದೇ ಲೇಸು. ಅದಕ್ಕೆ ಹದವಾದ ಕಾಂಪೋಸ್ಟ್ ಬೇಕು, ಫಲ ಬಿಡಲು 14ರಿಂದ 18 ಡಿಗ್ರಿ ತಂಪು ಬೇಕು. ಚಿಪ್ಪು ಅಣಬೆ 20ರಿಂದ 30 ಡಿಗ್ರಿಯಲ್ಲಿ ಭತ್ತದ ಹುಲ್ಲಿನ ಮೇಲೇ ಬರುತ್ತದೆ. ಬಿರುಬೇಸಿಗೆಗೆ ಹಾಲು ಅಣಬೆ ಇದೆ.

ಹುಲ್ಲನ್ನು ಎರಡು ಇಂಚಿನಷ್ಟು ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿಯ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಡಬೇಕು. ಆಮೇಲೆ ಆರಬೇಕು, ಎಷ್ಟು ಎಂಬುದೇ ಇಲ್ಲಿನ ಕೈಗುಣ. ಹಿಡಿ ಹುಲ್ಲನ್ನು ಹಿಂಡಿದರೆ ಅಂಗೈ ತೇವವಾಗಬೇಕು, ಹನಿ ಮಾತ್ರ ಉದುರಬಾರದು. ನೀರು ಹೆಚ್ಚಾದ ಚೀಲ ಕೊಳೆತು ನಾರುತ್ತದೆ. ಶುಚಿ ತಪ್ಪಿದ ಚೀಲದಲ್ಲಿ ಹಸಿರು ಬೂಸ್ಟು ಏಳುತ್ತದೆ. ಅಂಥದ್ದನ್ನು ಉಳಿಸಲು ಹೋಗದೆ ಕೂಡಲೇ ಹೊರಗೆ ಹಾಕಬೇಕು.

ಪಾಲಿಥಿನ್ ಚೀಲಕ್ಕೆ ಒಂದು ಪದರ ಹುಲ್ಲು, ಅದರ ಮೇಲೆ ಅಣಬೆ ಬೀಜ. ಬೀಜವೆಂದರೆ ಜೋಳ ಅಥವಾ ಗೋಧಿ ಕಾಳಿನ ಮೇಲೆ ಬೆಳೆಸಿದ ಶಿಲೀಂಧ್ರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೀಜದ ಜತೆಗೆ, ಮನೆಗೊಯ್ದು ನೀರು ಚಿಮುಕಿಸಿದರೆ ಅಣಬೆ ಬಿಡುವ ಸಿದ್ಧ ಚೀಲಗಳನ್ನೂ ಒದಗಿಸುತ್ತ ಬಂದಿದೆ. ಆದರೆ ಕಲಿಯುವವರು ತಾವೇ ತುಂಬಬೇಕು. ಕತ್ತಲಲ್ಲಿ 15ರಿಂದ 20 ದಿನಕ್ಕೆ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಬೆಳಕು, ಗಾಳಿ, ತೇವ. ಗಾಳಿ ಸಾಲದ ಕೋಣೆಯಲ್ಲಿ ಕಾಂಡ ಉದ್ದವಾಗಿ, ಕೊಡೆ ಗುಬ್ಬಚ್ಚಿಯಂತೆ ಮುದುಡಿಕೊಳ್ಳುತ್ತದೆ. ಕೊಯ್ಯಲು ಹೋಗುವವರು ಮಾಸ್ಕ್ ಹಾಕಿಕೊಳ್ಳಬೇಕು, ಇದರ ಬೀಜಕಣಗಳು ಕೆಲವರಿಗೆ ಕೆಮ್ಮು ತರಿಸುತ್ತವೆ.

ಇಷ್ಟು ಯಾರಿಗಾದರೂ ಬಂದೀತು. ಕಷ್ಟ ಇರುವುದು ತಾರೀಖಿನಲ್ಲಿ. ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋಗೆ ಕಡಿಮೆಯಿಲ್ಲದೆ ಅಣಬೆ ಬಂದರೆ, ಕಿಲೋ ಹುಲ್ಲಿನ ನೂರು ಚೀಲಕ್ಕೆ 50 ಕಿಲೋ. ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ದಿನ ತುಂಬಿದರೆ ಮೊದಲ ಕೊಯ್ಲೂ ಎರಡು ಮೂರು ದಿನದಲ್ಲೇ ಒಟ್ಟಾಗಿ ಬರುತ್ತದೆ, ದೊಡ್ಡ ಪಾಲು ಅದೇ. ಹೊರಗಿಟ್ಟರೆ ಒಂದು ದಿನ, ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ತಡೆಯುವ ಮಾಲಿದು. ನಾಳೆ ಇಂಟರ್ನಲ್ ಪರೀಕ್ಷೆ ಎಂದರೆ ಕೇಳುವುದಿಲ್ಲ. ಹಾಗಾಗಿ ದಿನ ಬಿಟ್ಟು ದಿನ ಹತ್ತು ಚೀಲ ತುಂಬುವ ತಂಡವೇ ಜಾಣ ತಂಡ. ಅದಕ್ಕೂ ಜಾಣರು ಚೀಲ ತುಂಬುವ ಮೊದಲೇ ಹಾಸ್ಟೆಲ್ ಮೆಸ್, ಸಿಬ್ಬಂದಿ ಮನೆಗಳು, ಹತ್ತಿರದ ಹೋಟೆಲುಗಳನ್ನು ಸುತ್ತಿ ಯಾರಿಗೆ ಯಾವ ವಾರ ಎಷ್ಟು ಬೇಕೆಂದು ಬರೆದುಕೊಂಡಿರುತ್ತಾರೆ. ಮಿಕ್ಕಿದ್ದನ್ನು ಒಣಗಿಸಬಹುದು, ಆದರೆ ಹತ್ತು ಕಿಲೋ ಒಣಗಿದರೆ ಒಂದು ಕಿಲೋ ಆಸುಪಾಸು ಉಳಿದೀತು. ಬೆಲೆ ಕಟ್ಟುವಾಗ ಇದು ನೆನಪಿರಬೇಕು.

ಬಹಳಷ್ಟು ಪ್ರಾಜೆಕ್ಟ್ ವರದಿಗಳಲ್ಲಿ ಲಾಭ ಚೆನ್ನಾಗಿ ಕಾಣುವುದು ಕೋಣೆಯ ಬಾಡಿಗೆ, ಕರೆಂಟು, ತಮ್ಮದೇ ಕೂಲಿಯನ್ನು ಬರೆಯದೆ ಬಿಟ್ಟಿದ್ದರಿಂದ. ಕಾಲೇಜು ಬಿಟ್ಟ ಮೇಲೆ ಆ ಮೂರೂ ತಲೆಯ ಮೇಲೆ ಬರುತ್ತವೆ, ಆದ್ದರಿಂದ ಮೊದಲ ಚೀಲದಿಂದಲೇ ಅವನ್ನು ಖರ್ಚಿಗೆ ಹಾಕಿಸುವ ಮೇಷ್ಟ್ರು ಸಿಕ್ಕರೆ ಪುಣ್ಯ. ಮೂರು ಕೊಯ್ಲಾದ ಹುಲ್ಲು ಎರೆಗೊಬ್ಬರಕ್ಕೆ ಹೋಗುತ್ತದೆ. ಅದಕ್ಕೆ ಪಕ್ಕದ ಎರೆಹುಳು ತಂಡ ದುಡ್ಡು ಕೊಡಬೇಕೇ ಎಂಬ ಚೌಕಾಸಿಯೂ ಆ ಲೆಕ್ಕದಲ್ಲಿ ಒಂದು ಸಾಲು.