ಊಬಿನ ಹುಲ್ಲು: ತಪ್ಪು ಕಲ್ಪನೆ ಮತ್ತು ಸತ್ಯ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕಲ್ಲುಗುಡ್ಡಗಳಲ್ಲಿಯೂ ಕಾವಲು ಎನಿಸಿಕೊಂಡ ಹುಲ್ಲುಗಾವಲುಗಳಲ್ಲಿಯೂ ಮಳೆಗಾಲ ಮುಗಿಯುವ ವೇಳೆಗೆ ಓಡಾಡಿದವರ ಬಟ್ಟೆಗೆ ನಾಟಿಕೊಳ್ಳುವ ಹುಲ್ಲೊಂದಿದೆ. ಕಾಳಿನ ತುದಿಯಿಂದ ಕೂದಲಿನಂತೆ ಹೊರಡುವ ಉದ್ದನೆಯ ಎಳೆಗೆ, ಅಂದರೆ ಊಬಿಗೆ, ಹೆಸರಾದ ಇದನ್ನು ಸಸ್ಯಶಾಸ್ತ್ರಜ್ಞರು ಹೆಟೆರೊಪೋಗಾನ್ ಕಂಟಾರ್ಟಸ್ ಎಂದು ಕರೆಯುತ್ತಾರೆ. ಜಗತ್ತಿನ ಬಿಸಿ ಹಾಗೂ ಒಣ ನಾಡುಗಳಲ್ಲೆಲ್ಲ ಹರಡಿರುವ, ಹವಾಯಿ ದ್ವೀಪಗಳಲ್ಲಿ ಮನೆಯ ಸೂರಿಗೆ ಹೊದಿಸುತ್ತಿದ್ದ ಈ ಹುಲ್ಲಿನ ಬಗ್ಗೆ ಪ್ರಚಲಿತವಿರುವ ಕಲ್ಪನೆಗಳಲ್ಲಿ ಹಲವು ಪರೀಕ್ಷೆಗೆ ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಹುಲ್ಲು ಸತ್ತುಹೋಗುತ್ತದೆ ಎಂಬುದು ಮೊದಲನೆಯ ತಪ್ಪು. ಇದು ಬಹುವಾರ್ಷಿಕ ಸಸ್ಯ. ಒಣಗುವುದು ಎಲೆ ಮತ್ತು ಕಡ್ಡಿಗಳಷ್ಟೇ, ಬುಡದ ಮೊಗ್ಗುಗಳು ಜೀವಂತವಾಗಿದ್ದು ಮುಂಗಾರಿಗೆ ಮತ್ತೆ ಚಿಗುರುತ್ತವೆ.

ಕುರಿಗಳ ಮೈಮೇಲೆ ಹುಣ್ಣಾಗುವುದನ್ನು ಕಂಡು ಹುಲ್ಲಿನಲ್ಲಿ ವಿಷವಿದೆ ಎಂದು ಭಾವಿಸುವವರೂ ಉಂಟು. ವಾಸ್ತವವಾಗಿ ಇಲ್ಲಿ ಗಾಯ ಮಾಡುವುದು ವಿಷವಲ್ಲ, ಕಾಳಿನ ರಚನೆ. ಕಾಳಿನ ಬುಡ ಮೊನಚಾಗಿದ್ದು ಅದರ ಮೇಲೆ ಹಿಮ್ಮುಖವಾಗಿ ಬಾಗಿದ ಬಿರುಸು ರೋಮಗಳಿರುತ್ತವೆ. ಊಬು ಒಣಗಿದಾಗ ಹುರಿಗೊಂಡು, ಇಬ್ಬನಿಗೋ ಮಳೆಗೋ ತೇವಗೊಂಡಾಗ ಹುರಿ ಬಿಚ್ಚುತ್ತದೆ. ಹೀಗೆ ತಿರುಗುವ ಊಬು ಕಾಳನ್ನು ಬೈರಿಗೆಯಂತೆ ನೆಲದೊಳಕ್ಕೆ ಕೊರೆಯುತ್ತದೆ, ರೋಮಗಳು ಅದು ಹಿಂದೆ ಸರಿಯದಂತೆ ತಡೆಯುತ್ತವೆ. ಬೀಜ ಬಿತ್ತಲೆಂದು ರೂಪುಗೊಂಡ ಈ ಏರ್ಪಾಡು ಕುರಿಯ ಉಣ್ಣೆಗೆ ಸಿಕ್ಕರೆ ನೆಲದ ಬದಲು ಚರ್ಮವನ್ನೇ ಕೊರೆಯುತ್ತದೆ, ಕಣ್ಣು ಬಾಯಿಗಳಿಗೂ ನೋವುಂಟುಮಾಡುತ್ತದೆ. ಆದರೆ ತೆನೆ ಬಲಿಯುವ ಮೊದಲು ಇದೇ ಹುಲ್ಲು ದನಕುರಿಗಳಿಗೆ ಒಗ್ಗುವ ಮೇವು. ಹೂ ಬಿಡುವ ಮುನ್ನ ಕೊಯ್ದು ಒಣಗಿಸಿದರೆ ಊಬಿನ ಕಾಟವೂ ಇಲ್ಲ, ಬಲಿತ ಮೇಲೆ ಕುಗ್ಗುವ ಸಸಾರಜನಕದ ನಷ್ಟವೂ ಕಡಿಮೆ. ಆದ್ದರಿಂದ ದೂರಬೇಕಾದದ್ದು ಹುಲ್ಲನ್ನಲ್ಲ, ಹೊತ್ತು ತಪ್ಪಿದ ಮೇಯಿಸುವಿಕೆಯನ್ನು.

ಬೆಂಕಿ ಹಾಕಿದರೆ ಈ ಹುಲ್ಲಿನ ಪೀಡೆ ತೊಲಗುತ್ತದೆ ಎಂಬ ನಂಬಿಕೆ ಇನ್ನೂ ವಿಚಿತ್ರವಾದುದು, ಏಕೆಂದರೆ ಫಲ ಬಹುಮಟ್ಟಿಗೆ ಅದಕ್ಕೆ ವಿರುದ್ಧ. ಮಣ್ಣೊಳಗೆ ಹೊಕ್ಕ ಬೀಜಕ್ಕೆ ಮೇಲಿನ ಉರಿ ತಾಗುವುದಿಲ್ಲ, ಬುಡವೂ ಸಾಮಾನ್ಯವಾಗಿ ಉಳಿಯುತ್ತದೆ. ಬೆಂಕಿಗೆ ನಲುಗುವ ಇತರ ಹುಲ್ಲುಗಳು ಹಿಂದೆ ಬಿದ್ದಷ್ಟೂ ಇದರ ಪಾಲು ಹೆಚ್ಚುತ್ತದೆ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಈ ಹುಲ್ಲನ್ನು ಉಳಿಸಿಕೊಳ್ಳಲೆಂದೇ ಬೆಂಕಿಯನ್ನು ಬಳಸಿದ್ದಾರೆ. ಸುಟ್ಟ ಗುಡ್ಡದಲ್ಲಿ ಎಳೆಯ ಚಿಗುರು ಸಿಗುವುದು ನಿಜವೇ ಆದರೂ, ವರ್ಷ ವರ್ಷವೂ ಸುಟ್ಟರೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಗಿಡಗಳ ಸಸಿಗಳಿಗೂ ಕುತ್ತು, ಬೋಳಾದ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಇವೆಲ್ಲಕ್ಕಿಂತ ಹಾನಿಕರವಾದದ್ದು, ಮರವಿಲ್ಲದ ಹುಲ್ಲುಗಾವಲು ಬಂಜರು ಎಂಬ ಎಣಿಕೆ. ಸರ್ಕಾರಿ ದಾಖಲೆಗಳಲ್ಲಿಯೂ ಅದು ಬಹುಕಾಲ ನೆಲೆಸಿದೆ. ಆದರೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯಾಗಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಅರಮನೆಯ ದನಗಳ ಇಲಾಖೆ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದವು ಎಂದು ವಿಂಗಡಿಸಿ ಒಂದರ ಮೇವು ತೀರುವ ಹೊತ್ತಿಗೆ ದನಗಳನ್ನು ಮತ್ತೊಂದಕ್ಕೆ ಸಾಗಿಸುತ್ತಿತ್ತು. ಹುಲ್ಲಿನ ಋತುಮಾನ ಬಲ್ಲ ಆ ಆಡಳಿತಕ್ಕೆ ಈ ನೆಲ ಬಂಜರಾಗಿ ಕಂಡಿರಲಿಲ್ಲ. ಚಳ್ಳಕೆರೆಯ ಕುದಾಪುರದಂತಹ ಕಾವಲುಗಳ ಬಹುಪಾಲು ಇತ್ತೀಚಿನ ದಶಕಗಳಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಸಂದಿದೆ; ಉಳಿದ ಕೆಲವೆಡೆ ಬಳ್ಳಾರಿ ಜಾಲಿ ದಟ್ಟವಾಗಿ ಹಬ್ಬಿ, ಬಿಸಿಲು ಬೇಡುವ ಹುಲ್ಲಿಗೆ ನೆರಳು ಕವಿದಿದೆ. ಹುಲ್ಲಿನ ನೆಲದಲ್ಲಿ ಗುಂಡಿ ತೋಡಿ ಒತ್ತಾಗಿ ಮರ ನೆಟ್ಟರೂ ಆಗುವುದು ಅದೇ.